ತಾನಾಗಿ ತೂಗಿದ ಗೌರಿ

ಪ್ರಾಣೇಶರಾಯರು ಮೂವತ್ತನಾಲ್ಕು ವರ್ಷ ಗಾಳಿಯನ್ನು ಅಳೆದೇ ಸಂಬಳ ತೆಗೆದುಕೊಂಡವರು. ವಿಮಾನ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಗಾಳಿಯ ಒತ್ತಡದಿಂದ ಹೇಳುವ ಯಂತ್ರಗಳು ಬಾಲಾನಗರದ ಸರಕಾರಿ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದವು. ಅವನ್ನು ಪರೀಕ್ಷಿಸಿ, ಸರಿಯಿದ್ದರೆ ಠಸ್ಸೆ ಹೊಡೆಯುವುದು ರಾಯರ ಕೆಲಸ. (ತಮ್ಮ ಠಸ್ಸೆ ಬಿದ್ದ ಮೇಲೆ ಯಾವ ವಿಮಾನವೂ ತಾನೆಲ್ಲಿದ್ದೇನೆಂದು ಆಕಾಶದಲ್ಲಿ ತಡವರಿಸಿದ್ದಿಲ್ಲ ಎಂದು ಅವರು ಹೇಳುತ್ತಿದ್ದರು. ವಿಮಾನಗಳನ್ನು ವಿಚಾರಿಸಿದವರಿಲ್ಲ.) ಇಂಥ ವಾಯುತತ್ತ್ವಜ್ಞರ ಸ್ವಂತ ಮನೆಯಲ್ಲಿ, ನಲವತ್ತೆರಡು ಡಿಗ್ರಿಯ ಏಪ್ರಿಲ್ ತಿಂಗಳಲ್ಲಿ, ಏಸಿಯಿಂದ ಗಾಳಿ ಬರುತ್ತಿರಲಿಲ್ಲ.

ಕೊಂಡಾಪುರದ ಈ ಮನೆಗೆ ಬಂದು ಅವರಿಗೆ ವರ್ಷ ತುಂಬಿರಲಿಲ್ಲ. ನಿವೃತ್ತಿಯಾದ ಮೇಲೆ ಕೊಂಡ ಮೂರನೇ ಮಹಡಿಯ ಫ್ಲಾಟು. ಹಳೆಯ ಮಾಲೀಕ ಇಡೀ ಮನೆಗೆ ಒಂದೇ ಏಸಿ ಹಾಕಿಸಿದ್ದ. ಯಂತ್ರವು ಬಚ್ಚಲುಮನೆಯ ಸೂರಿನಲ್ಲಿ ಅಡಗಿ ಕೂತು, ಕೊಳವೆಗಳ ಮೂಲಕ, ಚಾವಣಿಯಲ್ಲಿದ್ದ ಎಂಟು ಜಾಲರಿಗಳಿಂದ ಎಲ್ಲ ಕೋಣೆಗೂ ತಂಪು ಊದುತ್ತಿತ್ತು. ಅದಕ್ಕೂ ಮೊದಲು ಯಮುನಾಬಾಯಿ ಮೂವತ್ತೊಂದು ವರ್ಷ ಸಂಸಾರ ಮಾಡಿದ್ದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ, ದಿನಕ್ಕೆ ನಾಲ್ಕು ಕೊಡ ನೀರು ಕುಡಿದು ಲಾರಿಯಂತೆ ಗುಡುಗುವ ಒಂದು ಕೂಲರಿನ ಜೊತೆ. ಪ್ರತಿ ಚೈತ್ರದ ತದಿಗೆಗೆ ಅಲ್ಲಿಯೇ ಗೌರಿಯನ್ನು ಜೋಕಾಲಿಯಲ್ಲಿ ಕೂರಿಸಿ, ಒಂದು ಶುಕ್ರವಾರ ಅರಿಶಿಣ-ಕುಂಕುಮಕ್ಕೆ ಹೆಣ್ಣುಮಕ್ಕಳನ್ನು ಕರೆಯುತ್ತಿದ್ದರು. ಬಂದವರು ಸೆಖೆಗೆ ಬೆದರಿ, ಕೋಸಂಬರಿಯನ್ನು ಪೊಟ್ಟಣ ಕಟ್ಟಿಸಿಕೊಂಡು, ನಿಂತ ಕಾಲಲ್ಲೇ ಹೊರಟುಬಿಡುತ್ತಿದ್ದರು. ಕೂತು ಎರಡು ಮಾತಾಡಿದವರಿಲ್ಲ. ಆ ಕೊರಗನ್ನು ಈ ಸಲ ತೀರಿಸಿಕೊಳ್ಳಬೇಕೆಂದು ಬೇಗಂಪೇಟೆಯಿಂದ ಬಾಲಾನಗರದವರೆಗೆ ನಲವತ್ತು ಮನೆಗೆ ಅವರು ಫೋನು ಮಾಡಿಬಿಟ್ಟಿದ್ದರು. ಎಲ್ಲರಿಗೂ ಒಂದೇ ಮಾತು: "ಈ ಸಲ ಸಾವಕಾಶ ಕೂಡೂ ಹಂಗ ಬರ್ರಿ. ನಮ್ಮ ಮನಿ ತಂಪದ."

ಗೌರಿಗೆ ಮಂಟಪ ಮಾಡುವ ಕೆಲಸವನ್ನು ಈ ವರ್ಷ ರಾಯರೇ ವಹಿಸಿಕೊಂಡರು. ಇಷ್ಟು ವರ್ಷ ಹಬ್ಬದ ದಿನ ಅವರಿಗೆ ಓವರ್‌ಟೈಮ್ ಇರುತ್ತಿತ್ತು, ಇಲ್ಲದಿದ್ದರೆ ಬೆನ್ನು ನೋಯುತ್ತಿತ್ತು. ಈಗ ಎರಡೂ ನೆಪ ಮುಗಿದಿದ್ದವು (ಬೆನ್ನು ನಿವೃತ್ತಿಯ ಮರುದಿನವೇ ವಾಸಿಯಾಗಿತ್ತು). ಹಾಲ್‌ನ ಗೋಡೆಯಲ್ಲಿ ಆಳೆತ್ತರದ ಕುರೂಪಿ ಮರದ ಜಾಲರಿಯೊಂದಿತ್ತು. ಹಳೆಯ ಮಾಲೀಕನಿಗೆ ರುಚಿ ಇರಲಿಲ್ಲವೆಂದು ರಾಯರು ಬಂದ ದಿನವೇ ತೀರ್ಪು ಕೊಟ್ಟಿದ್ದರು. ಅದನ್ನು ಮುಚ್ಚಿದಂತೆಯೂ ಆಯಿತು, ಗೌರಿಗೆ ಹಿನ್ನೆಲೆಯೂ ಆಯಿತು ಎಂದು ಬಿದಿರಿನ ಚೌಕಟ್ಟು ಕಟ್ಟಿ, ಯಮುನಾಬಾಯಿಯ ತಾಯಿಯ ಇಳಕಲ್ ಸೀರೆಯನ್ನು ನಾಲ್ಕು ಪದರ ಮಡಚಿ ಹೊದಿಸಿ, ಗಾಳಿ ನುಸುಳದಂತೆ ಎಂಟು ಸ್ಕ್ರೂ ಬಿಗಿದರು. ಅದರ ಮುಂದೆ ಜೋಕಾಲಿ, ಜೋಕಾಲಿಯಲ್ಲಿ ಗೌರಿ, ಜೋಕಾಲಿಯಿಂದ ಸೀರೆಗೆ ಒಂದು ಚೆಂಡುಹೂವಿನ ಸರ. ಯಮುನಾಬಾಯಿ ಸೀರೆಯ ಅಂಚನ್ನು ಎರಡೆರಡು ಸಲ ಸವರಿ ನೋಡಿದರು.

ಇನ್ನು ಅಕ್ಷಯ ತದಿಗೆಯವರೆಗೆ ಗೌರಿಯನ್ನು ಕದಲಿಸುವಂತಿಲ್ಲ. ಕದಲಿದ್ದು ಗಾಳಿ. ಫಾಲ್ಗುಣದಲ್ಲಿ ಶಾಲು ಹೊದ್ದು ಕೂರುವಷ್ಟು ಬೀಸುತ್ತಿದ್ದ ಏಸಿ, ಚೈತ್ರದಲ್ಲಿ ಮುದುಕರು ಬಿಸಿ ಚಹಾ ಊದಿದಷ್ಟೂ ಊದಲೊಲ್ಲದು.

"ಯಾರರೆ ಮೆಕ್ಯಾನಿಕ್‌ನ ಕರಸೂಣೇನ್ರಿ?" ಎಂದರು ಯಮುನಾಬಾಯಿ.

"ಯಾಕ, ನಾ ಸತ್ತೀನೇನು? ಗಾಳಿ ವಿಷಯದಾಗ ನನಗ ಹೊರಗಿನವರು ಬಂದು ಹೇಳ್ಬೇಕೇನು?"

ರಾಯರು ಮೊದಲು ಯಂತ್ರದ ಫಿಲ್ಟರ್ ಬಿಚ್ಚಿ ತೊಳೆದರು. ಶೀಗೆಪುಡಿ ಹಾಕಿ ಇನ್ನೊಮ್ಮೆ ತೊಳೆದರು. ಎಂಟೂ ಜಾಲರಿಗಳನ್ನು ಇಳಿಸಿ, ಒರೆಸಿ, ಏರಿಸಿದರು. ಒಂದು ಸ್ಕ್ರೂ ಉಳಿಯಿತು, ಅದು ಹೆಚ್ಚಿನದೆಂದು ಜೇಬಿಗೆ ಹಾಕಿಕೊಂಡರು. ಸೂರಿನೊಳಗೆ ತಲೆ ತೂರಿಸಿ ನೋಡಿದಾಗ ತಾಮ್ರದ ಕೊಳವೆಯ ಮೇಲೆ ಬೆರಳು ದಪ್ಪ ಹಿಮ ಕಟ್ಟಿತ್ತು.

"ಹಿಮಾಲಯಾನ ಬಂದು ಕೂತದ ಇಲ್ಲಿ. ತಂಪಿಗೇನೂ ಕೊರತಿಲ್ಲ" ಎಂದು ಒಳಗಿನಿಂದಲೇ ಘೋಷಿಸಿದರು.

"ಹೌದ್ರಿ, ಆದ್ರ ನಾವು ಹಾಲ್‌ನಾಗ ಕೂತೀವಲ್ಲ. ಹೆಣ್ಣುಮಕ್ಕಳನ್ನೆಲ್ಲಾ ಬಚ್ಚಲದಾಗ ಕೂಡಸ್ಲೇನು?"

ಅಷ್ಟರಲ್ಲಿ ಮನೆಯಲ್ಲಿ ಇನ್ನೊಂದು ಘಟನೆ ನಡೆಯತೊಡಗಿತ್ತು. ಬೆಳಿಗ್ಗೆ ಪೂಜೆ ಮುಗಿಯುವವರೆಗೆ ದೀಪ ಆರಬಾರದೆಂದು ಏಸಿ ಹಾಕುವಂತಿರಲಿಲ್ಲ. ಮಂಗಳಾರತಿಯ ಗಂಟೆ ನಿಂತ ಕ್ಷಣ, ಬೆವರಿ ತೊಪ್ಪೆಯಾದ ರಾಯರು ಗುಂಡಿ ಒತ್ತುತ್ತಿದ್ದರು. ಸರಿಯಾಗಿ ಅದೇ ಹೊತ್ತಿಗೆ, ಯಾರೂ ಮುಟ್ಟದೆ, ಗೌರಿಯ ಜೋಕಾಲಿ ಮೆಲ್ಲಗೆ ತೂಗುತ್ತಿತ್ತು. ನಾಲ್ಕನೇ ಮಹಡಿಯ ಪ್ರಫುಲ್ಲಾ ಒಂದು ದಿನ ಮೊಸರಿನ ಹೆಪ್ಪಿಗೆ ಬಂದವಳು ಇದನ್ನು ಕಂಡು ಬಟ್ಟಲನ್ನೇ ಮರೆತು ಹೋದಳು. ಮೈಸೂರಿನವಳು, ಮಾತಿನಲ್ಲಿ ಮೃದು, ಸುದ್ದಿಯಲ್ಲಿ ವೇಗ. ಸಂಜೆಯ ಹೊತ್ತಿಗೆ ಮೂರು ಬ್ಲಾಕುಗಳಿಗೂ ಯಮುನಾಬಾಯಿಯ ಗೌರಿ ಆರತಿಗೆ ತಾನಾಗಿ ತೂಗುತ್ತಾಳೆಂದು ಗೊತ್ತಾಗಿತ್ತು.

"ನಮ್ಮ ಪುಣ್ಯ" ಎಂದರು ರಾಯರು, ಕಣ್ಣಲ್ಲಿ ನೀರು ತಂದುಕೊಂಡು. ಯಮುನಾಬಾಯಿ ಪ್ರಫುಲ್ಲಾ ಮರೆತುಹೋದ ಬಟ್ಟಲಿಗೆ ಹೆಪ್ಪು ಹಾಕಿಟ್ಟರು.

ಬುಧವಾರ ರಾಯರು ವೈಜ್ಞಾನಿಕ ಪರೀಕ್ಷೆಗಿಳಿದರು. ಊದುಬತ್ತಿ ಹಿಡಿದು ಸ್ಟೂಲ್ ಹತ್ತಿ, ಎಂಟು ಜಾಲರಿಗಳ ಕೆಳಗೂ ಹೊಗೆ ತೋರಿಸಿದರು. ಹೊಗೆ ಎಲ್ಲಿಯೂ ಅಲುಗಲಿಲ್ಲ. ಇಳಿದು ಮಂಟಪದ ಮುಂದೆ ಹಾದು ಬರುವಾಗ ಮಾತ್ರ ಅದು ಸರಕ್ಕನೆ ಬಾಗಿ, ಗೌರಿಯ ಬೆನ್ನ ಹಿಂದೆ ಸೀರೆಯೊಳಗೆ ಹೊಕ್ಕುಬಿಟ್ಟಿತು.

"ನೋಡ್ರಿ, ಊದಿನಕಡ್ಡಿಗೂ ಗೊತ್ತದ ಯಾವ ಕಡೆ ಹೋಗ್ಬೇಕು ಅಂತ" ಎಂದರು ಯಮುನಾಬಾಯಿ. "ನೀವೂ ಆ ಕಡೆ ಒಂಚೂರು ನೋಡ್ರಲ್ಲಾ."

"ಭಕ್ತಿ ಬ್ಯಾರೆ, ಇಂಜಿನಿಯರಿಂಗ್ ಬ್ಯಾರೆ" ಎಂದು ರಾಯರು ಮತ್ತೆ ಸ್ಟೂಲ್ ಹತ್ತಿದರು.

ಶುಕ್ರವಾರ ಬಂದೇ ಬಂತು. ಮಧ್ಯಾಹ್ನ ಮೂರಕ್ಕೆ ಹಾಲ್‌ನಲ್ಲಿ ಜಮಖಾನೆ ಹಾಸಿಯಾಗಿತ್ತು. ಕೊಳಗದ ತುಂಬ ಪಾನಕ, ಪರಾತದ ತುಂಬ ಮಾವಿನಕಾಯಿ ಕೋಸಂಬರಿ, ಉಡಿ ತುಂಬಲು ನೆನೆಸಿದ ಕಡಲೆ. ಗಾಳಿ ಮಾತ್ರ ಇಲ್ಲ. ಯಮುನಾಬಾಯಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಹಳೆಯ ಬೀಸಣಿಗೆಗಳನ್ನು ಹುಡುಕಿ ತೆಗೆದು ಸಾಲಾಗಿ ಇಡುತ್ತಿದ್ದರು. ರಾಯರು ಅದನ್ನು ಕಂಡರು. ಮೂವತ್ತೊಂದು ವರ್ಷ ಕಾದವಳು, ಇನ್ನೆರಡು ಗಂಟೆಯಲ್ಲಿ ನಲವತ್ತು ಮಂದಿಯ ಮುಂದೆ ಮಾತು ತಪ್ಪಿದವಳಾಗುತ್ತಾಳೆ, ಕಾರಣ ತಾನು. ಎಂಟನೇ ಸಲ ಸ್ಟೂಲ್ ಹತ್ತಲು ಧೈರ್ಯ ಸಾಲದೆ ಅದರ ಮೇಲೆ ಕೂತುಬಿಟ್ಟರು.

ಆಗ ಬಾಗಿಲ ಗಂಟೆ ಸದ್ದು ಮಾಡಿತು. ಐವತ್ತು ದಾಟಿದ, ದಪ್ಪ ಮೀಸೆಯ, ಹೆಗಲಿಗೆ ಚೀಲ ಹಾಕಿದ ಮನುಷ್ಯ. ಬೀದರ ಕಡೆಯ ಅಂಬಣ್ಣ, ಏಸಿ ಮೆಕ್ಯಾನಿಕ್.

"ಅಮ್ಮಾರು ಫೋನ್ ಮಾಡಿದ್ರು ಸಾಬ್. ಗಾಳಿ ಬರಾಕ ಒಲ್ಲದಂತ?"

ರಾಯರು ಹೆಂಡತಿಯ ಕಡೆ ನೋಡಿದರು. ಯಮುನಾಬಾಯಿ ಕುಂಕುಮದ ಬಟ್ಟಲನ್ನು ಬಹಳ ಶ್ರದ್ಧೆಯಿಂದ ಒರೆಸುತ್ತಿದ್ದರು. ಬೇರೆ ದಿನವಾಗಿದ್ದರೆ ಒಂದು ಭಾಷಣವಾಗುತ್ತಿತ್ತು. ಇವತ್ತು ರಾಯರು ತಮ್ಮ ಸಂಶೋಧನೆಯನ್ನು ಹಿಮಾಲಯದ ಸಮೇತ ಒಪ್ಪಿಸಿದರು. ಅಂಬಣ್ಣ ಕೇಳಿಕೊಂಡು, ಸೂರನ್ನು ನೋಡಲೂ ಇಲ್ಲ.

"ವಾಪಸ್ ಗಾಳಿ ಎಲ್ಲಿಂದ ಹೋಗ್ತೈತಿ ಸಾಬ್?"

"ವಾಪಸ್ ಯಾಕ ಹೋಗ್ಬೇಕು? ಬಂದದ್ದ ಸಾಕಾಗವಲ್ದು."

"ಮಷೀನ್ ಗಾಳಿ ಹಡಿಯಂಗಿಲ್ಲ ಸಾಬ್. ಮನ್ಯಾಗಿಂದ ತಗೊಂತೈತಿ, ತಂಪ ಮಾಡಿ ಮನಿಗೇ ಕೊಡ್ತೈತಿ. ತಗೊಳ್ಳಾಕ ಬಿಡಲಿಲ್ಲಂದ್ರ ಅದಾದ್ರೂ ಏನ್ ಕೊಡ್ತೈತಿ, ಪಾಪ. ಒಂದ್ಸಲ ಚಾಲೂ ಮಾಡ್ರಿ."

ರಾಯರು ಗುಂಡಿ ಒತ್ತಿದರು. ಗೌರಿಯ ಜೋಕಾಲಿ ತೂಗಿತು. ರಾಯರು ಅಭ್ಯಾಸಬಲದಿಂದ ಕೈಮುಗಿದರು.

"ಬಂದ್ ಮಾಡ್ರಿ." ಸ್ವಲ್ಪ ಹೊತ್ತಿಗೆ ಜೋಕಾಲಿ ನಿಂತಿತು.

"ಚಾಲೂ ಮಾಡ್ರಿ." ತೂಗಿತು.

ರಾಯರ ಮುಗಿದ ಕೈ ಹಾಗೆಯೇ ಉಳಿಯಿತು. ಅಂಬಣ್ಣ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಬಂದು, ಮೊದಲು ಗೌರಿಗೆ ನಮಸ್ಕಾರ ಮಾಡಿ, ಆಮೇಲೆ ಬಗ್ಗಿ ಸೀರೆಯ ಅಂಚನ್ನು ಬೆರಳಿನಿಂದ ಎತ್ತಿ ನೋಡಿದ. ಸೀರೆ ಒಳಗಿನ ಜಾಲರಿಗೆ ಗಪ್ಪನೆ ಅಂಟಿಕೊಂಡಿತ್ತು. ಯಂತ್ರ ಅದನ್ನು ಹಿಂದಕ್ಕೆ ಎಳೆದಾಗಲೆಲ್ಲ ಹೂವಿನ ಸರ ಜೋಕಾಲಿಯನ್ನು ಎಳೆಯುತ್ತಿತ್ತು. ಆ ಕುರೂಪಿ ಜಾಲರಿಯೇ ಯಂತ್ರದ ಮೂಗು. ಅದಕ್ಕೆ ನಾಲ್ಕು ಪದರ ಇಳಕಲ್ ಸೀರೆ ಮುಚ್ಚಿ, ಉಸಿರಾಡಲೊಲ್ಲದೆಂದು ರಾಯರು ಮೂರು ವಾರದಿಂದ ಅದನ್ನು ಬೈಯುತ್ತಿದ್ದರು.

"ಈ ಮಂಟಪಾ ಯಾವ ಬಡಿಗ್ಯಾ ಹೊಡದಾನ ಸಾಬ್?"

"ಯಾಕ?" ಎಂದರು ರಾಯರು, ಸಣ್ಣ ದನಿಯಲ್ಲಿ.

"ಅವನ ನಂಬರ್ ಇದ್ರ ಕೊಡ್ರಿ. ಹಿಂಗ ನಾಕ್ ಮನಿಗೆ ಮಂಟಪಾ ಹೊಡದ್ರ ನನಗ ವರ್ಷಪೂರ್ತಿ ಕೆಲಸ."

ಗೌರಿಯನ್ನು ಕದಲಿಸುವಂತಿಲ್ಲ, ಸೀರೆ ತೆಗೆಯದೆ ಗಾಳಿಯಿಲ್ಲ. ಗಂಡಸರಿಬ್ಬರೂ ತಲೆ ಕೆರೆದುಕೊಂಡು ನಿಂತಿರುವಾಗ ಯಮುನಾಬಾಯಿ ಬಟ್ಟಲು ಕೆಳಗಿಟ್ಟು, "ಹಿಂದಿನ ಸೀರಿ ಎತ್ತಿ ಮ್ಯಾಲ ಕಟ್ಟಿದ್ರ ತಾಯಿಗೆ ಮೇಲ್ಕಟ್ಟು ಆತಲ್ಲ" ಎಂದರು. ಯೋಚಿಸಿಟ್ಟುಕೊಂಡಿದ್ದ ಮಾತಿನಂತೆ ಅದು ಬಂತು. ಹೂವಿನ ಸರ ಬಿಚ್ಚಿ, ಎಂಟು ಸ್ಕ್ರೂ ಬಿಚ್ಚಿ, ಚೌಕಟ್ಟನ್ನು ಗೌರಿಯ ತಲೆಯ ಮೇಲೆ ಕಟ್ಟುವುದಕ್ಕೆ ಹತ್ತು ನಿಮಿಷ ಹಿಡಿಯಿತು. ಹಿಮ ಕರಗಲಿ ಎಂದು ಅಂಬಣ್ಣ ಅರ್ಧ ಗಂಟೆ ಬರೀ ಫ್ಯಾನ್ ಓಡಿಸಿದ. ಆಮೇಲೆ ತಂಪಿನ ಗುಂಡಿ ಒತ್ತಿದಾಗ ಎಂಟೂ ಜಾಲರಿಗಳು ಒಮ್ಮೆಲೇ ಬೀಸಿದವು. ಗೋಡೆಯ ಪಂಚಾಂಗ ಪಟಪಟನೆ ಆಷಾಢದವರೆಗೆ ಮಗುಚಿತು. ರಾಯರ ತಲೆಯ ಮೇಲೆ ಉಳಿದಿದ್ದ ಕೂದಲು ಎದ್ದು ನಿಂತಿತು. ಅವರಿಗೆ ಆ ಮೀಸೆಯ ಮನುಷ್ಯನನ್ನು ತಬ್ಬಿಕೊಳ್ಳಬೇಕೆನ್ನಿಸಿತು. ಅದರ ಬದಲು ಎರಡು ಲೋಟ ಪಾನಕ ಕುಡಿಸಿ, ಅವನ ಡಬ್ಬಿ ತುಂಬ ಕೋಸಂಬರಿ ಒತ್ತಿ ಒತ್ತಿ ತುಂಬಿದರು.

ಒಂದೇ ತೊಂದರೆ. ಗೌರಿ ಈಗ ತೂಗಲೊಲ್ಲಳು.

ಐದಕ್ಕೆ ಲಿಫ್ಟು ರೇಷ್ಮೆ ಸೀರೆಗಳನ್ನು ತಂದು ಸುರಿಯತೊಡಗಿತು. ಪ್ರಫುಲ್ಲಾ ಪವಾಡ ನೋಡಲೆಂದು ಕರೆಯದ ಹತ್ತು ಮಂದಿಯನ್ನೂ ಜೊತೆಗೆ ಕರೆತಂದಿದ್ದಳು. ಆರತಿ ಆಯಿತು, ಗಂಟೆ ನಿಂತಿತು, ಐವತ್ತು ಜೊತೆ ಕಣ್ಣು ಜೋಕಾಲಿಯ ಮೇಲೆ ನೆಟ್ಟವು. ಅಡುಗೆಮನೆಯ ಪರದೆಯ ಹಿಂದಿನಿಂದ ರಾಯರು ರಿಮೋಟಿನ ಗುಂಡಿಯನ್ನು ಮೂರು ಸಲ ಒತ್ತಿದರು. ಜೋಕಾಲಿ ಅಲುಗಲಿಲ್ಲ.

"ಯಾಕೋ ಇವತ್ತು ತೂಗ್ತಾನೇ ಇಲ್ಲವಲ್ಲ" ಎಂದಳು ಪ್ರಫುಲ್ಲಾ, ಮುಖ ಸಣ್ಣದು ಮಾಡಿಕೊಂಡು.

ಯಮುನಾಬಾಯಿ ಒಂದಿಷ್ಟೂ ಗಾಬರಿಯಾಗದೆ ಅವಳ ಕೈಗೆ ಅರಿಶಿಣ ಹಚ್ಚುತ್ತ ಹೇಳಿದರು: "ಇಷ್ಟು ದಿನಾ ಸೆಕಿ ಆಗಿತ್ತವ್ವಾ, ತಾನ ಗಾಳಿ ಬೀಸಿಕೋತಿದ್ಲು. ಈಗ ತಂಪಾತು, ಆರಾಮ ಕೂತಾಳ. ನೀನೂ ಕೂಡು."

ಎಲ್ಲರೂ ಕೂತರು. ಕೂತವರು ಏಳಲಿಲ್ಲ. ಪಾನಕದ ಕೊಳಗ ಮೂರು ಸಲ ತುಂಬಿತು. ಬಾಲಾನಗರದ ಹಳೆಯ ನೆರೆಯವರು ಹಾಡು ಹೇಳಿದರು, ಯಾರದೋ ನಾದಿನಿಯ ಕತೆ ಮೊದಲಿಂದ ಕೊನೆಯವರೆಗೆ ಸಾಂಗವಾಗಿ ನಡೆಯಿತು. ನಡುವೆ ಕೂತು ಯಮುನಾಬಾಯಿ ನಗುತ್ತಿದ್ದರು. ಹೆಂಡತಿ ಹೀಗೆ ಕಾಲು ಚಾಚಿ ಕೂತು ನಕ್ಕಿದ್ದನ್ನು ರಾಯರು ಎಂದೂ ನೋಡಿರಲಿಲ್ಲ. ಪರದೆಯ ಹಿಂದೆಯೇ ನಿಂತು ಅಂಬಣ್ಣನಿಗೊಮ್ಮೆ, ಗೌರಿಗೊಮ್ಮೆ ಮನಸ್ಸಿನಲ್ಲೇ ಕೈಮುಗಿದರು.

ಎಲ್ಲರೂ ಹೋದ ಮೇಲೆ ಯಮುನಾಬಾಯಿ ಗಂಡನಿಗೆ ಕೋಸಂಬರಿ ಬಡಿಸಿದರು. "ನನಗ ನಾಲ್ಕನೇ ದಿನಾನ ಗೊತ್ತಾಗಿತ್ತ್ರಿ. ಅವತ್ತು ನೀವು ಪೆನ್ಶನ್ ಆಫೀಸಿಗೆ ಹೋಗಿದ್ರಿ. ನಾ ಆರತಿ ಮಾಡಿದೆ, ಏಸಿ ಹಾಕಲಿಲ್ಲ. ಆಕಿ ತೂಗಲಿಲ್ಲ."

ರಾಯರ ಕೈಯ ತುತ್ತು ಅರ್ಧ ದಾರಿಯಲ್ಲಿ ನಿಂತಿತು. ಊದಿನಕಡ್ಡಿ ನೆನಪಾಯಿತು. "ಮತ್ತ ಬಾಯಿ ಬಿಟ್ಟು ಹೇಳ್ಬಾರದೇನು?"

"ಇಷ್ಟು ವರ್ಷದಾಗ ಮೊದಲನೇ ಸಲ ನನ್ನ ಗೌರಿಗೆ ನಿಮ್ಮ ಕೈಯಾರೆ ಏನೋ ಮಾಡಿದ್ರಿ. ಬಿಚ್ಚರಿ ಅಂತ ಯಾವ ಬಾಯಿಲೆ ಹೇಳ್ಲಿ? ಸೆಕಿ ಏನ್ರಿ, ನನಗ ರೂಢಿ ಅದ. ಮಂದಿ ಬರೋದಿತ್ತಲ್ಲ, ಅದಕ್ಕ ಹೊರಗಿನವನ ಬಾಯಿಲೆ ಹೇಳಸಿದೆ."

ರಾಯರು ತುತ್ತನ್ನು ತಟ್ಟೆಗೆ ಇಳಿಸಿದರು. ಮೂವತ್ತೊಂದು ವರ್ಷ ಈಕೆಯಿಂದ ತಾನು ಎಷ್ಟು ತೆಗೆದುಕೊಂಡೆ, ಎಷ್ಟು ಕೊಟ್ಟೆ ಎಂಬ ಯೋಚನೆ ಅಂಬಣ್ಣನ ದನಿಯಲ್ಲಿ ಬಂತು. "ಭಾಳ ಉಪಕಾರ ಆತು ಯಮುನಾ" ಎಂದರು. ಆ ಮಾತು ಆ ಮನೆಯಲ್ಲಿ ಅವರ ಬಾಯಿಂದ ಅದೇ ಮೊದಲು ಹೊರಟಿತ್ತು.

"ಇರಲಿ ಬಿಡ್ರಿ" ಎಂದು ಯಮುನಾಬಾಯಿ ಇನ್ನೊಂದು ಸೌಟು ಬಡಿಸಿದರು. "ಏಸಿ ನಮ್ಮನಿಯವ್ರ ರಿಪೇರಿ ಮಾಡಿದ್ರು ಅಂತ ಎಲ್ಲಾರಿಗೂ ಹೇಳೀನಿ. ಪ್ರಫುಲ್ಲಾನ ಮನ್ಯಾಗೂ ಗಾಳಿ ಬರವಲ್ದಂತ. ನಾಳೆ ಹತ್ತಕ್ಕ ನಿಮಗ ಬರ್ಲಿಕ್ಕೆ ಹೇಳ್ಯಾಳ. ಇನ್ನೂ ಆರು ಮನಿ ಅವ, ಚೀಟಿ ಬರದಿಟ್ಟೀನಿ."

"ನನಗೇನು ತಿಳೀತದ ಯಮುನಾ ಅದರಾಗ?" ಎಂದರು ರಾಯರು, ಜನ್ಮದಲ್ಲಿ ಮೊದಲ ಬಾರಿಗೆ.

"ತಿಳಿಯೂದೇನದ? ಆಕಿ ಮನ್ಯಾಗೂ ಇಂಥಾದ್ದ ಜಾಲರಿ ಅದ, ಅದರ ಮುಂದ ದೊಡ್ಡ ಕಪಾಟು ಇಟ್ಟಾಳ, ನಾ ಹೋದಾಗ ನೋಡೀನಿ" ಎಂದರು ಯಮುನಾಬಾಯಿ. "ಆದ್ರ ಹೋದ ಕೂಡ್ಲೆ ಹೇಳಬ್ಯಾಡ್ರಿ, ಪಾಪ, ಆಕಿಗೆ ನಾಚಿಕಿ ಆಗ್ತದ. ಮೊದಲ ಸ್ವಲ್ಪ ಹೊತ್ತು ಸ್ಟೂಲ್ ಹತ್ತಿ ಮ್ಯಾಲ ನೋಡ್ರಿ. ನಿಮಗ ಹೆಂಗೂ ರೂಢಿ ಅದ."