ಒಂಬತ್ತು ಟೈಲ್ಸಿನ ಮೇಷ್ಟ್ರು

ಚಾಮರಾಜಪೇಟೆಯ ಈ ಮನೆಯಲ್ಲಿ ನನ್ನದು ಅಂತ ಇದ್ದದ್ದು ಮುಂದಿನ ಕೋಣೆಯೊಂದೇ. ಎಂಟಡಿ ಉದ್ದ, ಎಂಟಡಿ ಅಗಲ. ಸಂಜೆ ಅಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಿದ್ದೆ. ಆ ಹೊತ್ತು ಮಾತ್ರ ಯಾರೂ ನನ್ನನ್ನು "ಕಾಫಿ ಆಯ್ತೇನೇ?" ಎಂದು ಕೇಳುತ್ತಿರಲಿಲ್ಲ. (ಎಂ.ಎಸ್ಸಿ. ಓದಿದ್ದಕ್ಕೆ ಸಿಕ್ಕ ಫಲ ಅಷ್ಟೇ.)

ಮಕ್ಕಳು ಹೆಚ್ಚಾದರು. ಗೋಡೆ ಒಡೆಸಿ ಕೋಣೆಯನ್ನು ಉದ್ದಕ್ಕೂ ಅಗಲಕ್ಕೂ ಮೂರು ಮೂರಡಿ ಹಿಗ್ಗಿಸಿದೆವು. ಚದರಡಿಗೊಂದು ಟೈಲ್ಸು. ಹಳೇ ಡಿಸೈನಿನ ಕೊನೆಯ ಸ್ಟಾಕು ಒಂದು ಅಂಗಡಿಯಲ್ಲಿತ್ತು. ನಮ್ಮ ಯಜಮಾನರು, ನಿವೃತ್ತ ಬ್ಯಾಂಕ್ ಮ್ಯಾನೇಜರ್ ಶ್ರೀಮಾನ್ ವಾದಿರಾಜರು, ಲೆಕ್ಕಕ್ಕೆ ಕೂತರು.

"ಎಂಟೆಂಟ್ಲ ಅರವತ್ನಾಲ್ಕು ಆಗ್ಲೇ ನೆಲದಲ್ಲಿದೆ. ಜಾಸ್ತಿ ಆಗಿದ್ದು ಮೂರ್ಮೂರ್ಲ ಒಂಬತ್ತು. ಒಂಬತ್ತು ಸಾಕು."

"ರೀ, ಎ ಪ್ಲಸ್ ಬಿ ಹೋಲ್ ಸ್ಕ್ವೇರಲ್ಲಿ ಮಧ್ಯೆ ಟೂ ಎಬಿ ಬರುತ್ತೆ. ಎರಡು ಪಕ್ಕಕ್ಕೂ ಇಪ್ಪತ್ನಾಲ್ಕು ಇಪ್ಪತ್ನಾಲ್ಕು ಬೇಕು."

"ಬ್ಯಾಂಕ್ ನಡೆಸ್ದೋನಿಗೆ ಲೆಕ್ಕ ಹೇಳ್ಕೊಡ್ಬೇಡ. ನಿನ್ ಸೂತ್ರ ಪುಸ್ತಕದಲ್ಲಿರ್ಲಿ."

"ಅವ್ನು ಹೇಳಿದ್ಮೇಲೆ ಮುಗೀತು ಕಣೇ," ಎಂದರು ಅತ್ತೆ ಕಾವೇರಮ್ಮ.

ಒಂಬತ್ತೇ ಬಂದವು, ಎದುರು ಮೂಲೆಯಲ್ಲಿ ಕೂತವು. ಎರಡು ಪಕ್ಕಕ್ಕೂ ಬೋಳು ಸಿಮೆಂಟು. ಯಜಮಾನರು ಮತ್ತೆ ಅಂಗಡಿಗೆ ಓಡುವಷ್ಟರಲ್ಲಿ ಮಿಕ್ಕ ಸ್ಟಾಕು ಹನುಮಂತನಗರದ ಯಾರದೋ ಬಚ್ಚಲು ಸೇರಿತ್ತು.

ನನಗೆ ಹಾಲು ಕುಡಿದಷ್ಟು ಸಂತೋಷ! ಮಕ್ಕಳನ್ನು ಕರೆದು ಆ ಸಿಮೆಂಟಿನ ಮೇಲೇ ಕೂರಿಸಿದೆ. "ನೋಡ್ರೇ, ನೀವು ಮರೆಯೋ ಟೂ ಎಬಿ ಇದೇ. ಅಂಕಲ್ ಮರೆತಿದ್ದೂ ಇದನ್ನೇ!" ಆ ಸಲದ ಪರೀಕ್ಷೆಯಲ್ಲಿ ಒಬ್ಬರೂ ತಪ್ಪಲಿಲ್ಲ.

ಮಾವಳ್ಳಿಯಿಂದ ಬರುವ ಹುಡುಗಿಯ ತಾಯಿ ಪ್ರತಿಭಾ ಸ್ವೀಟ್ ಬಾಕ್ಸ್ ಹಿಡಿದು ಬಂದರು. "ನೆಲದಲ್ಲೇ ಪಾಠ! ಯಾರ ಐಡಿಯಾ ಮಿಸ್ ಇದು?"

ನಾನು ಬಾಯಿ ತೆರೆಯುವಷ್ಟರಲ್ಲಿ ಯಜಮಾನರು ಪಂಚೆ ಸರಿಮಾಡಿಕೊಂಡು ಹಾಜರು. "ನಂದೇಮ್ಮಾ. ಬೇಕಂತ್ಲೇ ಒಂಬತ್ತು ತಂದೆ. ಮಕ್ಕಳ ಕಣ್ಣಿಗೆ ಕಾಣ್ಬೇಕಲ್ಲ?"

"ಹಾಗಾದ್ರೆ ಇನ್ಮೇಲೆ ನೀವೇ ಪಾಠ ಮಾಡಿ ಸಾರ್!"

ಮೈಯೆಲ್ಲ ಉರಿದುಹೋಯಿತು. ಹೇಳಿದರೆ ಕೇಳುವವರು ಯಾರು? ಈಗ ಬಾಗಿಲಲ್ಲಿ 'ವಾದಿರಾಜ ಸರ್ ಗಣಿತ ತರಗತಿ' ಎಂಬ ಬೋರ್ಡಿದೆ. ಅವರ ಕುರ್ಚಿ ಟೈಲ್ಸಿನ ಮೇಲೆ. ಅವರು ತಡವರಿಸಿದಾಗ ಮೆಲ್ಲಗೆ ಹೇಳಿಕೊಡಲು ನಾನು ಪಕ್ಕದ ಬೋಳು ಸಿಮೆಂಟಿನ ಮೇಲೆ ಕೂರಬೇಕು. ಬೇರೆ ಟೈಲ್ಸಾದರೂ ಹಾಕಿಸೋಣವೆಂದರೆ ಅತ್ತೆ ಬಿಡುವುದಿಲ್ಲ. "ಮುಚ್ಚಿಬಿಟ್ರೆ ಮಕ್ಕಳು ಏನ್ ನೋಡಿ ಕಲೀಬೇಕೇ?"

ಮೊನ್ನೆ ಹೊಸ ಹುಡುಗಿಯೊಬ್ಬಳು ಕೇಳಿದಳು, "ಸಾರ್, ಟೂ ಎಬಿ ಎಲ್ಲಿದೆ?"

ಯಜಮಾನರು ನನ್ನ ಕಡೆ ಬೆರಳು ತೋರಿಸಿದರು. "ಅಗೋ, ಆಂಟಿ ಕೂತಿದಾರಲ್ಲ, ಅಲ್ಲೇ." ಆಮೇಲೆ ನನ್ನನ್ನೇ ನೋಡಿ, "ಕಾಫಿ ಆಯ್ತೇನೇ?" ಎಂದರು.