ಎಲ್ಲವನ್ನೂ ಹಾಕಿ ಕಟ್ಟಿದ್ದು

ರಟ್ಟಿನ ಪೆಟ್ಟಿಗೆ ಮಾಡುವ ಆ ಕಾರ್ಖಾನೆಯ ಪ್ರೋಗ್ರಾಮರನಿಗೆ ಬುದ್ಧಿಗಿಂತ ಸಿಟ್ಟು ಒಂದು ತೂಕ ಹೆಚ್ಚು. ರಟ್ಟನ್ನು ಹೇಗೆ ಕತ್ತರಿಸಿದರೆ ಚೂರು ಕಮ್ಮಿ ಬೀಳುತ್ತದೆಂದು ಹೇಳುವ ಪ್ರೋಗ್ರಾಮನ್ನು ಆರು ತಿಂಗಳು ಕೂತು ಬರೆದಿದ್ದ. ಅದೂ ಯಾವುದರಲ್ಲಿ? ಇಡೀ ಊರಲ್ಲಿ ತನಗೊಬ್ಬನಿಗೇ ಬರುವ ಕಂಪ್ಯೂಟರ್ ಭಾಷೆಯಲ್ಲಿ! ಸಂಜೆ ಐದರೊಳಗೆ ಅದು ಅಲ್ಲಿನ ಉಳಿದ ಮೂರು ಕಂಪ್ಯೂಟರಲ್ಲೂ ಓಡಿದರೆ ಕೆಲಸ ಕಾಯಂ. ಇಲ್ಲದಿದ್ದರೆ, ಯಜಮಾನರ ಭಾವಮೈದುನ ಆಗಲೇ ಬಂದು ಇವನ ಕುರ್ಚಿಯ ಎತ್ತರ ನೋಡಿ ಹೋಗಿದ್ದ.

ಮೂರು ಕಂಪ್ಯೂಟರೂ ಮೂರು ತರಹದವು, ಒಂದೇ ಮನೆಯ ಮೂವರು ಸೊಸೆಯರಂತೆ. ಲೆಕ್ಕದವರದು 'ಒಂದು ಕಡತ ಕಾಣೆ' ಎಂದಿತು. ಪೆಟ್ಟಿಗೆಗಳ ಮೇಲಿನ ಚಿತ್ರ ಬರೆಯುವವಳದು 'ಮಾಡಿದವರು ಯಾರೋ ಗೊತ್ತಿಲ್ಲ, ಕಸಕ್ಕೆ ಹಾಕಲೇ?' ಎಂದು ಕೇಳಿತು.

"ಪಾಪ, ಅಷ್ಟು ಮರ್ಯಾದೆಯಿಂದ ಕೇಳ್ತಲ್ಲ, ಹೂಂ ಅಂದ್ಬಿಟ್ಟೆ," ಎಂದಳು ಅವಳು.

ಯಜಮಾನರ ಕಂಪ್ಯೂಟರಂತೂ ಬಾಯೇ ಬಿಡಲಿಲ್ಲ.

"ನನ್ನದರಲ್ಲಿ ಓಡುತ್ತೆ ಸಾರ್!"

"ಹಾಗಾದ್ರೆ ನಾವೆಲ್ಲ ಬಂದು ನಿನ್ನ ತೊಡೆ ಮೇಲೆ ಕೂರೋಣ್ವಾ?" ಎಂದರು ಯಜಮಾನರು. "ಪೆಟ್ಟಿಗೆ ಕಾರ್ಖಾನೇಲಿದ್ದು ಒಂದು ಪ್ರೋಗ್ರಾಂ ಪ್ಯಾಕ್ ಮಾಡಕ್ಕಾಗಲ್ವೇನಯ್ಯಾ?"

ಅವನ ನೆತ್ತಿ ಕಾದ ಹೆಂಚಾಯಿತು. ತನ್ನ ಜಾಗಕ್ಕೆ ಬಂದವನೇ ಮೇಜಿಗೆ ಒದ್ದ. ಹೆಬ್ಬೆರಳು ಊದಿತು, ಮೇಜಿಗೇನೂ ಆಗಲಿಲ್ಲ. ಬಟ್ಟೆ ಒಗೆದಂತೆ ಕೀಲಿಮಣೆ ಕುಟ್ಟಿ, 'ಮೊದಲು ಇದನ್ನು ಓದಿ' ಎಂಬ ಹೆಸರಲ್ಲಿ ರಾಜೀನಾಮೆ ಬರೆದ. ಬರೆದ ಮೇಲೆ ಎದೆ ಹಗುರಾಯಿತು. ಕೈಗೆ ಸಿಕ್ಕ ಫೋಲ್ಡರಿಗೆ ಅದನ್ನು ತುರುಕಿ ನೀರು ಕುಡಿಯಲು ಹೋದ.

ಅಲ್ಲಿ ಪ್ಯಾಕಿಂಗ್ ಅಕ್ಕ ಸಿಕ್ಕಳು. "ಕಟ್ಟೋದು ಹೆಂಗೆ ಅಂತ ನಮ್ಮನ್ನ ಕೇಳಬಾರದಾ ಅಣ್ಣ? ಕುರ್ಚಿ ಕಳಿಸಿ ಬೋಲ್ಟು ಮನೇಲಿಟ್ಕೊಂಡ್ರೆ ಅದು ನಿಲ್ಲುತ್ತಾ?"

ಅವನು ಗುಟುಕು ನುಂಗುವುದನ್ನೇ ಮರೆತ. ಕತೆಯ ರಾಕ್ಷಸನ ಜೀವ ಗಿಳಿಯೊಳಗಿದ್ದಂತೆ, ಪ್ರೋಗ್ರಾಮಿನ ಜೀವ ತನ್ನ ಕಂಪ್ಯೂಟರಿನ ಹತ್ತಾರು ಕಡತಗಳಲ್ಲಿತ್ತು. ಇವನು ರಾಕ್ಷಸನನ್ನಷ್ಟೇ ಕಳಿಸಿ ಗಿಳಿಯನ್ನು ಇಲ್ಲೇ ಬಿಟ್ಟಿದ್ದ! ಆರಿಸುತ್ತ ಕೂರಲು ಹೊತ್ತಿಲ್ಲ. ಬೇಕಾದ್ದು ಬೇಡದ್ದು ಎನ್ನದೆ ಕಡತಗಳನ್ನೆಲ್ಲ ಪ್ರೋಗ್ರಾಮಿನ ಫೋಲ್ಡರಿಗೆ ತಂದು ಸುರಿದು, ಇಡೀ ಫೋಲ್ಡರನ್ನು ಮೂರೂ ತರಹಕ್ಕೆ ಹೊಂದುವಂತೆ ಕಟ್ಟಿ, ನಾಲ್ಕೂ ಐವತ್ತಕ್ಕೆ ಮೂವರಿಗೂ ಕಳಿಸಿದ.

ಐದಕ್ಕೆ ಮೂವರೂ ಒಟ್ಟಿಗೇ ಬಂದರು.

"ಭೇಷ್," ಎಂದರು ಯಜಮಾನರು. "ಮೂರರಲ್ಲೂ ತಕರಾರಿಲ್ಲದೆ ತೆರೀತು."

"ಪ್ರೋಗ್ರಾಮಾ ಸಾರ್?"

"ಅದನ್ನಿನ್ನೂ ಮುಟ್ಟಿಲ್ಲ. 'ಮೊದಲು ಇದನ್ನು ಓದಿ' ಅಂತ ಒಂದು ಕಾಗದ ಇಟ್ಟಿದ್ಯಲ್ಲ, ಓದಿದ್ವಿ."

ಲೆಕ್ಕದವರು ಕನ್ನಡಕ ಏರಿಸಿ, ತಪ್ಪಿಲ್ಲದೆ ಓದಿದರು: "'ಈ ಕಾರ್ಖಾನೆಯ ಅತಿ ದೊಡ್ಡ ಖಾಲಿ ಪೆಟ್ಟಿಗೆ ಯಜಮಾನರ ಹೆಗಲ ಮೇಲಿದೆ. ಇಂದೇ ಕೆಲಸ ಬಿಡುತ್ತಿದ್ದೇನೆ.'"

ಚಿತ್ರ ಬರೆಯುವವಳು ಸೂರು ನೋಡಿದಳು. ಬಾಗಿಲಲ್ಲಿ ಭಾವಮೈದುನ ಕೆಮ್ಮಿದ.

ಅವನ ಹಿಂದಿನಿಂದ ಪ್ಯಾಕಿಂಗ್ ಅಕ್ಕ ಒಂದು ಹೊಸ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟಳು. "ನಿಮ್ಮ ಸಾಮಾನಿಗೆ ಅಣ್ಣ. ಈ ಸಲ ನೋಡಿ ತುಂಬಿ."