ಮಾವನ ಡಯಾಫ್ರಮ್ ಹರಿದ ದಿನ

ಬ್ರೇಕು ಒತ್ತಿದರೆ ಲಾರಿ ನಿಲ್ಲಬೇಕು. ನಿಧಾನಣ್ಣನ ಲಾರಿಯೂ ನಿಲ್ಲುತ್ತಿತ್ತು, ಇಲ್ಲವೆಂದಲ್ಲ. ಆದರೆ ನಿಲ್ಲುವುದಕ್ಕೆ ಮುಂಚೆ "ಬುಸ್ಸ್" ಎನ್ನುತ್ತಿತ್ತು. ಪೆಡಲಿನ ಹಿಂದೆ, ಅವನ ಹೆಬ್ಬೆರಳಿಗೆ ಒಂದು ಗೇಣು ದೂರದಲ್ಲಿ, ಯಾರೋ ಹಲ್ಲು ಕಚ್ಚಿಕೊಂಡು ಉಸಿರು ಬಿಟ್ಟ ಹಾಗೆ.

ಮೊದಲ ದಿನ ಅದನ್ನು ಕೇಳಿದಾಗ ಅವನು ಹಾವೆಂದೇ ತಿಳಿದು ಎರಡೂ ಕಾಲೆತ್ತಿ ಸೀಟಿನ ಮೇಲಿಟ್ಟುಕೊಂಡಿದ್ದ. ಲಾರಿ ಆಗ ಓಡುತ್ತಿತ್ತು. ದೇವರು ದೊಡ್ಡವನು, ಎದುರಿಗೆ ಮರಳಿನ ರಾಶಿ ಇತ್ತು.

ನಿಧಾನಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಮೂರನೇ ಗೇರು ದಾಟಿದರೆ ಲಾರಿಗೆ ರೆಕ್ಕೆ ಬರುತ್ತದೆಂದು ಅವನು ನಂಬಿದ್ದ. ಶಾಲೆಗೆ ಹೊರಟ ಸೈಕಲ್ಲುಗಳು ಬೆಲ್ಲು ಹೊಡೆದು ಅವನನ್ನು ಹಿಂದಿಕ್ಕುತ್ತಿದ್ದವು. ಇಂಥವನಿಗೆ ಲಾರಿ ಬಂದದ್ದು ಹೆಂಡತಿಯ ತಂದೆಯಿಂದ. ಮಾವನವರು ಮೂವತ್ತು ವರ್ಷ ಅದನ್ನು ಓಡಿಸಿ, ಮಂಡಿ ಸವೆದು ಕಾಲು ಏಳದಂತಾದ ಮೇಲೆ, ಮೂರು ವಾರದ ಹಿಂದೆ ಕೀಲಿಕೈಯನ್ನು ಅಳಿಯನ ಅಂಗೈಯಲ್ಲಿಟ್ಟು ಎರಡು ಮಾತು ಹೇಳಿದ್ದರು.

"ಒಂದು, ಈ ಗಾಡಿಗೆ ನನ್ನದು ಬಿಟ್ಟು ಇನ್ನೊಬ್ಬರ ಸ್ಪ್ಯಾನರ್ ತಾಗಿಲ್ಲ, ತಾಗಬಾರದು. ಎರಡು, ಏನಾದ್ರೂ ಕೆಡಿಸಿದೆ ಅಂತ ಗೊತ್ತಾಯ್ತೋ, ಕೀಲಿ ವಾಪಸ್. ಮತ್ತೆ ಮೂಟೆ ಹೊರು."

ಹದಿನಾಲ್ಕು ವರ್ಷ ಗೋಡೌನಿನಲ್ಲಿ ಮೂಟೆ ಹೊತ್ತ ಬೆನ್ನು ಅದು. ಮಾತು ಕೇಳಿಯೇ ನೋಯತೊಡಗಿತ್ತು.

ಮಾವನವರ ಇನ್ನೊಂದು ಗುಣವನ್ನು ಇಲ್ಲೇ ಹೇಳಿಬಿಡಬೇಕು. ಅವರು "ಲೋ", "ನೀನು" ಎಂದು ಬೈಯುತ್ತಿರುವಷ್ಟು ಹೊತ್ತು ಭಯವಿಲ್ಲ. ಕೋಪ ನೆತ್ತಿಗೇರಿದಾಗ ಮಾತ್ರ ಬಹುವಚನಕ್ಕೆ ಏರುತ್ತಿದ್ದರು. ಅವರ ಬಾಯಲ್ಲಿ "ಅಳಿಯಂದಿರೇ" ಎಂದು ಬಂತೋ, ಗ್ರಹಚಾರ ಕೆಟ್ಟಿತು ಎಂದೇ ಲೆಕ್ಕ. ಲಾರಿಯೂ ಅವರಂತೆಯೇ ಒರಟು, ಹಟಮಾರಿ. ಹಾಗಾಗಿ ನಿಧಾನಣ್ಣ ಮನೆಯಲ್ಲಿ ಗುಟ್ಟಾಗಿ ಲಾರಿಗೇ "ಮಾವ" ಎಂದು ಹೆಸರಿಟ್ಟಿದ್ದ. ಹೆಂಡತಿ ಮೊದಲು ಸಿಡುಕಿದಳು, ಆಮೇಲೆ ಅವಳೂ "ಮಾವನಿಗೆ ಡೀಸೆಲ್ ಹಾಕಿಸಿದ್ರಾ?" ಎಂದು ಕೇಳತೊಡಗಿದಳು.

ಆ ದಿನ ಬೆಳಿಗ್ಗೆ ಮಾವನವರ ಫೋನು ಬಂತು. "ಸಂಜೆ ಐದಕ್ಕೆ ಬರ್ತೀನಿ. ಗಾಡಿ ಹೇಗಿಟ್ಟಿದ್ದೀಯ ಅಂತ ಓಡಿಸಿ ನೋಡ್ತೀನಿ."

ನಿಧಾನಣ್ಣ ಗಾಜಿನ ಹಾಳೆಗಳ ಲೋಡು ಹಾಕಿಕೊಂಡು ಹೊರಟ. ಪೇಟೆಗೆ ಇಳಿಯುವ ಇಳಿಜಾರಿನಲ್ಲಿ ಬ್ರೇಕು ಒತ್ತಿದ. "ಬುಸ್ಸ್ಸ್!" ಪೆಡಲು ಕಲ್ಲಿನಂತೆ ಗಟ್ಟಿ. ಇನ್ನೊಂದು ಕಾಲನ್ನೂ ಸೇರಿಸಿದ. ಸೀಟಿನಿಂದ ಎದ್ದು ಮೈಭಾರವನ್ನೆಲ್ಲ ಪೆಡಲಿನ ಮೇಲೆ ಹೇರಿದ. ಹಿಂದೆ ಗಾಜು ಕಣಕಣ ಎಂದಿತು, ಮುಂದೆ ಮೊಟ್ಟೆಯವನ ತಳ್ಳುಗಾಡಿ ದೊಡ್ಡದಾಗುತ್ತ ಬಂತು. ಜೀವ ಬಾಯಿಗೆ ಬಂದು, ಇನ್ನೇನು ಹೊರಗೆ ಹಾರಬೇಕು, ಅಷ್ಟರಲ್ಲಿ ಲಾರಿ ನಿಂತಿತು. ಬಂಪರಿಗೂ ಮೊಟ್ಟೆಗೂ ನಡುವೆ ನಾಲ್ಕು ಬೆರಳು.

ಮೊಟ್ಟೆಯವನು ಬಗ್ಗಿ ಲಾರಿಯ ಅಡಿ ನೋಡಿದ. "ಅಣ್ಣಾ, ಒಳಗೆ ಹಾವು ಸಾಕಿದ್ದೀಯಾ?"

ನಿಧಾನಣ್ಣನಿಗೆ ರಿಪೇರಿ ಮಾಡಿಸಿದರೆ ಮಾವನ ಭಯ, ಮಾಡಿಸದಿದ್ದರೆ ಸಾವಿನ ಭಯ. ಅತ್ತ ದರಿ ಇತ್ತ ಪುಲಿ ಎಂದು ಹಿರಿಯರು ಹೇಳಿದ್ದು ಇದಕ್ಕೇ ಇರಬೇಕು. ಸಾವು ಒಂದೇ ಸಲ ಬರುತ್ತದೆ, ಮಾವ ಆಗಾಗ ಬರುತ್ತಾರೆ ಎಂದು ಒಂದು ಕ್ಷಣ ತೂಗಿಯೂ ನೋಡಿದ. ಕೊನೆಗೆ ಗಾಜು ಇಳಿಸಿ, ಒಂದನೇ ಗೇರಿನಲ್ಲೇ ತೆವಳಿಕೊಂಡು ಕಿವಿ ಮೇಸ್ತ್ರಿಯ ಗ್ಯಾರೇಜು ಸೇರಿದ.

ಕಿವಿ ಮೇಸ್ತ್ರಿ ಕಣ್ಣಿನಿಂದ ಏನನ್ನೂ ನೋಡುವವನಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಿಟ್ಟು, ತುದಿಯನ್ನು ಎಂಜಿನ್ನಿಗಿಟ್ಟು ರೋಗ ಹೇಳುತ್ತಿದ್ದ. ನಿಧಾನಣ್ಣ ಬೆಳಗಿನ ಕತೆ ಶುರುಮಾಡಿದೊಡನೆ ಕೈ ಎತ್ತಿ ತಡೆದ.

"ನೀವು ಸುಮ್ನಿರಿ. ಗಾಡಿ ಹೇಳ್ಲಿ."

ಎಂಜಿನ್ ಆರಿಸಿ ಪೆಡಲನ್ನು ಐದಾರು ಸಲ ಒತ್ತಿಸಿದ. "ಈಗ ಕಾಲು ಇಟ್ಕೊಂಡೇ ಸ್ಟಾರ್ಟ್ ಮಾಡಿ. ಪೆಡಲು ಒಂದಿಷ್ಟು ಕೆಳಗಿಳೀಬೇಕು. ಇಳೀತಾ?"

"ಇಲ್ಲ."

"ಒಂಚೂರೂ?"

"ಮಾವನ ಮನಸ್ಸಿನ ಹಾಗಿದೆ, ಮೇಸ್ತ್ರಿ. ಜಗ್ಗಲ್ಲ."

ಮೇಸ್ತ್ರಿ ಬಾನೆಟ್ಟು ಎತ್ತಿದ. ಎಂಜಿನ್ನಿನಿಂದ ಬರುವ ರಬ್ಬರ್ ಪೈಪಿನ ಉದ್ದಕ್ಕೂ ಕಿವಿ ಓಡಿಸಿದ. ಪೈಪು ಸರಿಯಾಗಿತ್ತು. ಅದರ ತುದಿಯ ವಾಲ್ವನ್ನು ಕಿತ್ತು ಬಾಯಿಗಿಟ್ಟು ಊದಿದ. ಒಂದು ಕಡೆಯಿಂದ ಗಾಳಿ ಹೋಯಿತು, ತಿರುಗಿಸಿ ಊದಿದರೆ ಹೋಗಲಿಲ್ಲ. "ಇದೂ ಸಭ್ಯಸ್ಥನೇ" ಎಂದು ವಾಪಸು ಸಿಕ್ಕಿಸಿದ. ಆಮೇಲೆ ಎಂಜಿನ್ ಓಡುತ್ತಿರುವಾಗ ಬ್ರೇಕು ಒತ್ತಿಸಿ, ಪೈಪನ್ನು ಇಕ್ಕಳದಲ್ಲಿ ಹಿಸುಕಿದ. ಬುಸ್ ನಿಂತಿತು. ಬಿಟ್ಟ. ಬುಸ್ ಬಂತು.

"ಕಳ್ಳ ಸಿಕ್ಕಿದ" ಎಂದು, ಎರಡು ತಟ್ಟೆ ಕವುಚಿ ಜೋಡಿಸಿದಂತಿದ್ದ ಕಪ್ಪು ಡಬ್ಬಿಯೊಂದನ್ನು ತಟ್ಟಿದ. "ಬೂಸ್ಟರ್. ನೀವು ಮೆತ್ತಗೆ ಒತ್ತಿದ್ದನ್ನ ನಾಲ್ಕುಪಟ್ಟು ಮಾಡಿ ಬ್ರೇಕಿಗೆ ಕೊಡೋದು ಇದರ ಕೆಲಸ. ಒಳಗಿರೋ ಡಯಾಫ್ರಮ್, ಅಂದ್ರೆ ರಬ್ಬರ್ ಪರದೆ, ಹರಿದಿದೆ. ಗಾಳಿ ಸೋರ್ತಾ ಇದೆ, ಅದಕ್ಕೆ ಬುಸ್. ಬಲ ಬರ್ತಾ ಇಲ್ಲ, ಅದಕ್ಕೆ ಪೆಡಲು ಕಲ್ಲು. ಇದು ಇವತ್ತಿನ ಕಾಯಿಲೆ ಅಲ್ಲ, ವರ್ಷಗಟ್ಟಲೆಯದು. ಮುಂಚೆ ಓಡಿಸ್ತಿದ್ದೋರ ಮಂಡಿ ಹೇಗಿದೆ?"

"ಸವೆದುಹೋಗಿದೆ."

"ಮತ್ತೆ! ಈ ಪೆಡಲು ತುಳಿದ್ರೆ ಆನೆ ಮಂಡಿನೂ ಸವೆಯುತ್ತೆ."

ಹೊಸ ಬೂಸ್ಟರು ಬಿಡಿಭಾಗದ ಅಂಗಡಿಯಿಂದ ಬರಬೇಕು, ಹಳೆಯದು ಬಿಚ್ಚಬೇಕು, ಐದು ಗಂಟೆಯೊಳಗೆ ಎಲ್ಲ ಮುಗಿಯಬೇಕು. ನಿಧಾನಣ್ಣ ಮಾವನವರನ್ನು ಹೇಗಾದರೂ ಆರು ಗಂಟೆಯವರೆಗೆ ಮನೆಯಲ್ಲೇ ಕೂರಿಸು ಎಂದು ಹೇಳಲು ಹೆಂಡತಿಗೆ ಫೋನು ಮಾಡಿದ. ಗ್ಯಾರೇಜಿನಲ್ಲಿ ಕಂಪ್ರೆಸರ್ ಬಡಿದುಕೊಳ್ಳುತ್ತಿತ್ತು, ಆ ಕಡೆಯಿಂದ "ಹಲೋ" ಎಂದದ್ದೂ ನೆಟ್ಟಗೆ ಕೇಳಲಿಲ್ಲ.

"ನಾನು ಕಣೇ! ಬೆಳಿಗ್ಗೆ ಇಳಿಜಾರಲ್ಲಿ ಮಾವ ಬುಸ್ ಬುಸ್ ಅಂದು ಕೈ ಕೊಟ್ಟುಬಿಟ್ಟ! ನೋಡ್ಸಿದೆ. ಡಯಾಫ್ರಮ್ ಹರಿದಿದ್ಯಂತೆ! ಉಸಿರೆಲ್ಲ ಸೋರ್ತಾ ಇದೆ. ಈಗ ಬಿಚ್ಚಿ ಹಾಕಿದ್ದಾರೆ. ಹಳೇದು ತೆಗೆದು ಹೊಸದು ಕೂರಿಸ್ತಾರಂತೆ! ಆರು ಗಂಟೆವರೆಗೂ ಏನೂ ಹೇಳೋಕಾಗಲ್ಲ. ಯಾರಿಗೂ ಹೇಳ್ಬೇಡ!"

ಹೆಂಡತಿ ಆ ಹೊತ್ತಿನಲ್ಲಿ ಫೋನನ್ನು ಎದುರುಮನೆಯ ಟೈಲರಮ್ಮನ ಮೇಜಿನ ಮೇಲೆ ಮರೆತು ಹಿಟ್ಟಿನ ಗಿರಣಿಗೆ ಹೋಗಿದ್ದಳು. ಮಾತೆಲ್ಲ ಹೋಗಿ ಬಿದ್ದದ್ದು ಟೈಲರಮ್ಮನ ಕಿವಿಗೆ. "ಯಾರಿಗೂ ಹೇಳ್ಬೇಡ" ಎಂದು ಟೈಲರಮ್ಮನಿಗೆ ಹೇಳುವುದೂ ಒಂದೇ, ಡಂಗುರ ಸಾರುವುದೂ ಒಂದೇ.

ಬೀದಿಯಲ್ಲಿ ಏನಾಯಿತೆಂಬುದು ನಿಧಾನಣ್ಣನಿಗೆ ಆಮೇಲೆ ತಿಳಿಯಿತು. ಟೈಲರಮ್ಮ ಸೂಜಿಯನ್ನು ಬಟ್ಟೆಯಲ್ಲೇ ಬಿಟ್ಟು ಪಕ್ಕದ ಮನೆಯ ನಿವೃತ್ತ ಕಾಂಪೌಂಡರ ಬಳಿ ಓಡಿದಳು.

"ಡಯಾಫ್ರಮ್ ಅಂದ್ರೆ ಏನ್ರೀ?"

"ಎದೆಗೂ ಹೊಟ್ಟೆಗೂ ನಡುವಿನ ಪರದೆ."

"ಅದು ಹರಿದ್ರೆ?"

ಕಾಂಪೌಂಡರು ಕನ್ನಡಕ ತೆಗೆದು ಒರೆಸಿಕೊಂಡರು. ಟೈಲರಮ್ಮನಿಗೆ ಅಷ್ಟೇ ಸಾಕಾಯಿತು. ಹಿಟ್ಟಿನ ಡಬ್ಬಿ ಹೊತ್ತು ಬಂದ ಮಾವನವರ ಮಗಳಿಗೆ ಮನೆ ಬಾಗಿಲಲ್ಲಿ ಹತ್ತು ಜನ ತಲೆ ತಗ್ಗಿಸಿ ನಿಂತಿರುವುದು ಕಂಡಿತು. "ಧೈರ್ಯ ತಂದ್ಕೋ ತಾಯಿ, ನಿಮ್ಮಪ್ಪನ್ನ ಬಿಚ್ಚಿ ಹಾಕಿದ್ದಾರೆ" ಎಂದು ಟೈಲರಮ್ಮ ತಬ್ಬಿಕೊಂಡಳು. ಮಗಳು ಡಬ್ಬಿ ಕೈಬಿಟ್ಟು ಅಳತೊಡಗಿದಳು.

ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ, ಹೇಳಿದ್ದಕ್ಕಿಂತ ಒಂದು ಗಂಟೆ ಮುಂಚೆಯೇ, ಕೋಲೂರಿಕೊಂಡು ಮಾವನವರು ಬಂದರು.

"ಯಾರಿಗೇನಾಯ್ತು?" ಎಂದರು.

"ನಿಮಗೇ!" ಎಂದು ಕಿರುಚಿದ ಟೈಲರಮ್ಮ ಕಾಂಪೌಂಡರ ಬೆನ್ನ ಹಿಂದೆ ಅಡಗಿದಳು. ಕಾಂಪೌಂಡರು ಮಾತ್ರ ಮುಂದೆ ಬಂದು ಮಾವನವರ ನಾಡಿ ಹಿಡಿದು ನೋಡಿ, "ಇದೆ" ಎಂದರು. ಮಗಳಿಗೆ ಆಗ ತಲೆಗೆ ಹೊಳೆಯಿತು. ಅಳುವೂ ನಗುವೂ ಒಟ್ಟಿಗೆ ಬಂದು ಬಾಯಿ ತಪ್ಪಿತು. "ಅಪ್ಪಾ, ನೀನಲ್ಲ, ಲಾರಿ! ಇವರು ಲಾರಿಗೆ ಮಾವ ಅಂತಾರೆ. ಅದನ್ನೇ ಬಿಚ್ಚಿ ಹಾಕಿರೋದು!" ಊರಿಗಿದ್ದದ್ದು ಒಂದೇ ಗ್ಯಾರೇಜು, ಮಾವನವರು ಕೋಲೂರಿಕೊಂಡು ಅತ್ತ ತಿರುಗಿದರು.

ಇತ್ತ ಗ್ಯಾರೇಜಿನಲ್ಲಿ ಹೊಸ ಬೂಸ್ಟರು ಕೂತಿತ್ತು. ಪೆಡಲಿನ ಹಿಂದೆ ನಾಲ್ಕು ನಟ್ಟು ಬಿಗಿಯುವುದಷ್ಟೇ ಬಾಕಿ. ಮೇಸ್ತ್ರಿಯ ಭುಜ ಆ ಸಂದಿಯಲ್ಲಿ ಹಿಡಿಸದ್ದರಿಂದ ನಿಧಾನಣ್ಣನೇ ಅಂಗಾತ ಮಲಗಿ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದ್ದ. ಕಾಲೆರಡೂ ಬಾಗಿಲಿನಿಂದ ಹೊರಗೆ ತೂಗುತ್ತಿದ್ದವು. ಮೂರು ನಟ್ಟು ಬಿಗಿದು ನಾಲ್ಕನೆಯದಕ್ಕೆ ಕೈ ಹಾಕಿದಾಗ ಹೊರಗೆ ಹೆಜ್ಜೆ ಸಪ್ಪಳ ಬಂದು ನಿಂತಿತು.

"ಮೇಸ್ತ್ರೀ," ಎಂದ ನಿಧಾನಣ್ಣ, ಬಹಳ ದಿನಗಳ ಮೇಲೆ ಹಗುರಾದ ದನಿಯಲ್ಲಿ. "ಆ ಹಳೇ ಮಾವನ್ನ ಗುಜರಿಗೆ ಹಾಕ್ಬಿಡಿ. ಇಷ್ಟು ದಿನ ಎಲ್ಲರ ಪ್ರಾಣ ಹಿಂಡಿದ್ದು ಸಾಕು."

ಕೋಲೊಂದು ಅವನ ಅಂಗಾಲಿಗೆ ಮೆಲ್ಲಗೆ ಬಡಿಯಿತು.

"ಅಳಿಯಂದಿರೇ."

ಸ್ಪ್ಯಾನರು ಅವನ ಮೂಗಿನ ಮೇಲೆ ಬಿತ್ತು. ಏಳಲು ಹೋಗಿ ಹಣೆ ಸ್ಟೀರಿಂಗಿನ ಕೊಳವೆಗೆ ಬಡಿಯಿತು. ಆ ಸಂದಿಯಲ್ಲೇ ಉಳಿದ ಆಯುಷ್ಯ ಕಳೆಯಲು ಸಾಧ್ಯವೇ ಎಂದು ನಿಜವಾಗಿಯೂ ಯೋಚಿಸಿದ.

"ಈಚೆ ಬರೋಣವಾಗಲಿ" ಎಂದರು ಮಾವನವರು. ಬಹುವಚನ ಇಷ್ಟು ಎತ್ತರಕ್ಕೆ ಹೋದದ್ದು ಇದೇ ಮೊದಲು.

ನಾಲ್ಕನೆಯ ನಟ್ಟನ್ನು ಹೇಗೋ ಬಿಗಿದು ಈಚೆ ಬಂದ. ಎಲ್ಲ ಹೇಳಿದ, ಬುಸ್ ಎಂದದ್ದು, ಕಲ್ಲಾದ ಪೆಡಲು, ಮೊಟ್ಟೆಗಾಡಿ, ನಾಲ್ಕು ಬೆರಳು. ಮೇಸ್ತ್ರಿ ನಡುವೆ ಬಾಯಿ ಹಾಕದೆ ಪಕ್ಕಕ್ಕೆ ಸರಿದ.

"ನನ್ನ ಗಾಡಿ ಮೂವತ್ತು ವರ್ಷ ಬುಸ್ ಅಂದಿದೆ," ಎಂದರು ಮಾವನವರು. "ಬ್ರೇಕು ಹಿಡೀತು ಯಜಮಾನ್ರೇ ಅಂತ ಅದು ನನಗೆ ಹೇಳ್ತಿದ್ದ ಮಾತು ಅದು. ಕೀಲಿ ಕೊಡಿ."

ಕೋಲನ್ನು ಅಳಿಯನ ಕೈಗೆ ಕೊಟ್ಟು, ಒಂದೊಂದೇ ಕಾಲನ್ನು ಕೈಯಿಂದ ಎತ್ತಿಟ್ಟುಕೊಂಡು ಸೀಟು ಏರಿದರು. ನಿಧಾನಣ್ಣ ಪಕ್ಕದಲ್ಲಿ ಮುದುಡಿ ಕೂತ. ಗ್ಯಾರೇಜಿನ ಅಂಗಳದಲ್ಲಿ ಲಾರಿ ಹೊರಟಿತು. ಗೋಡೆ ಹತ್ತಿರ ಬಂದಾಗ ಮಾವನವರು ಮೂವತ್ತು ವರ್ಷದ ಅಭ್ಯಾಸದಂತೆ ಹಲ್ಲು ಕಚ್ಚಿ, ಇದ್ದಬದ್ದ ಬಲವನ್ನೆಲ್ಲ ಕೂಡಿಸಿ ಪೆಡಲು ತುಳಿದರು.

ಲಾರಿ ಹೂತುಹೋದಂತೆ ನಿಂತಿತು. ಮಾವನವರ ಟೋಪಿ ಗಾಜಿಗೆ ಬಡಿಯಿತು. ಮೇಲಿನ ಹಲ್ಲಿನ ಸೆಟ್ಟು ಹಾರಿ ಡ್ಯಾಶ್‌ಬೋರ್ಡಿನ ಮೇಲೆ ಕೂತು ಇಬ್ಬರನ್ನೂ ನೋಡಿ ನಕ್ಕಿತು. ಬುಸ್ ಇಲ್ಲ, ಬಸ್ ಇಲ್ಲ. ನಿಧಾನಣ್ಣ ಕಣ್ಣು ಮುಚ್ಚಿ ಗೋಡೌನಿನ ಮೂಟೆಗಳನ್ನು ಕಂಡ.

ಮಾವನವರು ಹಲ್ಲು ಒರೆಸಿ ಹಾಕಿಕೊಂಡರು. ಮತ್ತೆ ಓಡಿಸಿದರು. ಈ ಸಲ ಹೆಬ್ಬೆರಳಿನಿಂದ ಮುಟ್ಟಿದಂತೆ ಒತ್ತಿದರು. ಲಾರಿ ಮಾತಿಲ್ಲದೆ ನಿಂತಿತು. ಇನ್ನೊಮ್ಮೆ, ಮತ್ತೊಮ್ಮೆ. ಅವರ ಮುಖದ ಗಂಟು ಒಂದೊಂದಾಗಿ ಸಡಿಲವಾಯಿತು.

"ಲೋ," ಎಂದರು.

ನಿಧಾನಣ್ಣ ಕಣ್ಣು ಬಿಟ್ಟ. ಏಕವಚನ! ಕಿವಿಗೆ ಜೇನು ಸುರಿದಂತಾಯಿತು.

"ಒಳ್ಳೇ ಕೆಲಸ ಮಾಡ್ಸಿದ್ದೀಯ ಕಣೋ. ಇಷ್ಟು ಮೆತ್ತಗಿದೆ! ಮಂಡಿ ಒಂಚೂರೂ ನೋಯ್ತಿಲ್ಲ." ಅವರು ಇನ್ನೊಮ್ಮೆ ಪೆಡಲು ಒತ್ತಿ ಖುಷಿಪಟ್ಟರು. "ನಾನು ಮೂರ್ಖ, ವಯಸ್ಸಾಯ್ತು ಅಂದ್ಕೊಂಡು ಗಾಡಿ ಬಿಟ್ಟುಕೊಟ್ಟೆ. ತಪ್ಪು ಮಂಡೀದಲ್ಲ, ಬೂಸ್ಟರಿಂದು! ನಾಳೆಯಿಂದ ನಾನೇ ಓಡಿಸ್ತೀನಿ. ನೀನು ಜೊತೇಲಿ ಬಾ. ಮೂಟೆ ಹತ್ತಿಸಿ ಇಳಿಸೋಕೆ ಒಬ್ಬರು ಬೇಕಲ್ಲ."

ನಿಧಾನಣ್ಣನ ಬೆನ್ನು ಅಲ್ಲಿಂದಲೇ ನೋಯತೊಡಗಿತು. ಅಷ್ಟರಲ್ಲಿ ಮಾವನವರು ಗ್ಯಾರೇಜಿನ ಗೇಟು ದಾಟಿ ಪೇಟೆಯ ರಸ್ತೆ ಹಿಡಿದಿದ್ದರು. ಮೂರನೇ ಗೇರು. ನಾಲ್ಕನೇ ಗೇರು. ಆ ಲಾರಿಗೆ ನಾಲ್ಕನೆಯದೊಂದು ಇದೆಯೆಂದು ಅವನಿಗೆ ಗೊತ್ತಾದದ್ದೇ ಆಗ. ಇಳಿಜಾರು ಬಂತು. ಕೆಳಗೆ ಬೆಳಗಿನ ಜಾಗದಲ್ಲೇ ಮೊಟ್ಟೆಗಾಡಿ ನಿಂತಿತ್ತು. ನಿಧಾನಣ್ಣ ಎರಡೂ ಕಾಲನ್ನು ಮುಂದಿನ ಬರಿಯ ತಗಡಿಗೆ ಊರಿ, ಇಲ್ಲದ ಬ್ರೇಕನ್ನು ಇದ್ದಬದ್ದ ಶಕ್ತಿಯಿಂದ ಒತ್ತಿದ.

"ಬುಸ್ಸ್ಸ್!"

ಮಾವನವರು ಹೆಬ್ಬೆರಳು ಮುಟ್ಟಿಸಿ ಲಾರಿ ನಿಲ್ಲಿಸಿದರು. ಮುಖ ಕೆಂಪಾಗಿತ್ತು. "ಮೇಸ್ತ್ರಿ ಮೋಸ ಮಾಡಿದ! ಇನ್ನೂ ಬುಸ್ ಅಂತಿದ್ಯಲ್ಲೋ!"

ಮೊಟ್ಟೆಯವನು ಕಿಟಕಿಯೊಳಗೆ ಇಣುಕಿದ. ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ತಗಡು ತುಳಿದುಕೊಂಡು ಕೂತಿದ್ದ ನಿಧಾನಣ್ಣನನ್ನು ನೋಡಿದ.

"ಗಾಡಿ ಸರಿಯಾಗಿದೆ ಯಜಮಾನ್ರೇ," ಎಂದ. "ಸೋರ್ತಾ ಇರೋದು ನಿಮ್ಮ ಅಳಿಯಂದಿರು."